ಕೆಲಸ ಹೋಯಿತೇ? ಇಎಸ್‌ಐ ಹಣ ಹೀಗೆ ಕೇಳಿ

ಸಂಬಳದಲ್ಲಿ ತಿಂಗಳು ತಿಂಗಳೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು ನೂರಕ್ಕೆ ಮುಕ್ಕಾಲು ರೂಪಾಯಿ ಮುರಿಯುತ್ತಾರೆ. ಅದು ಆಸ್ಪತ್ರೆಗೆ ಮಾತ್ರ ಎಂದುಕೊಂಡವರೇ ಜಾಸ್ತಿ. ಕೆಲಸ ಹೋದರೂ ಅಲ್ಲಿಂದ ಹಣ ಬರುತ್ತದೆ. 2018ರ ಜುಲೈನಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇರುವುದೇ ಇದಕ್ಕೆ. ಮೊದಲು ದಿನದ ಸರಾಸರಿ ಗಳಿಕೆಯ ಶೇ 25 ಕೊಡುತ್ತಿದ್ದರು. 2020ರಲ್ಲಿ ಕೊರೊನಾ ಬಂದ ಮೇಲೆ ಅದು ಶೇ 50 ಆಯಿತು. ಮೊದಲಿಗೆ ಇದು 2020ರ ಮಾರ್ಚ್ 24ರಿಂದ ಡಿಸೆಂಬರ್ 31ರೊಳಗೆ ಕೆಲಸ ಹೋದವರಿಗೆ ಮಾತ್ರ ಇತ್ತು, ಆಮೇಲೆ ಅವಧಿಯನ್ನು ವಿಸ್ತರಿಸುತ್ತಾ ಬಂದಿದ್ದಾರೆ; ಈಗಿನ ಗಡುವನ್ನು ಇಎಸ್‌ಐ ಕಚೇರಿಯಲ್ಲಿ ಕೇಳಿಕೊಳ್ಳಿ.

ಮೊದಲು ಹಳೆಯ ಸಂಬಳದ ಚೀಟಿಗಳನ್ನು ಹುಡುಕಿ ಇಟ್ಟುಕೊಳ್ಳಿ. ಕನಿಷ್ಠ ಎರಡು ವರ್ಷ ಇಎಸ್‌ಐನಲ್ಲಿ ಇದ್ದಿರಬೇಕು. ಇಎಸ್‌ಐ ಲೆಕ್ಕದಲ್ಲಿ ವರ್ಷಕ್ಕೆ ಎರಡು ಕಂತು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಜೂನ್‌ನಲ್ಲಿ ಕೆಲಸ ಹೋಯಿತು ಅನ್ನಿ. ಆಗ ಅದರ ಹಿಂದಿನ ಅಕ್ಟೋಬರ್–ಮಾರ್ಚ್‌ನಲ್ಲಿ 78 ದಿನದ ವಂತಿಗೆ (ಸಂಬಳದಲ್ಲಿ ಮುರಿಯುವ ಇಎಸ್‌ಐ ಹಣ) ಕಟ್ಟಿರಬೇಕು. ಅದಕ್ಕೂ ಹಿಂದಿನ ಮೂರು ಕಂತುಗಳಲ್ಲಿ ಯಾವುದಾದರೂ ಒಂದರಲ್ಲಿ ಇನ್ನೊಂದು 78 ದಿನ. ದುರ್ನಡತೆಗಾಗಿ ತೆಗೆದುಹಾಕಿದ್ದರೆ, ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಆಗಿದ್ದರೆ ಸಿಗುವುದಿಲ್ಲ.

ಇನ್ನು ಎಷ್ಟು ಬರುತ್ತದೆ? ಇಲ್ಲೇ ಹಲವರ ಲೆಕ್ಕ ತಪ್ಪುವುದು. ಕೊನೆಯ ಸಂಬಳದ ಅರ್ಧ ಅಲ್ಲ. ನಾಲ್ಕು ಕಂತುಗಳ, ಅಂದರೆ ಎರಡು ವರ್ಷದ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸುತ್ತಾರೆ. ತಿಂಗಳಿಗೆ 15,000 ರೂಪಾಯಿಯಂತೆ ಎರಡು ವರ್ಷಕ್ಕೆ 3,60,000. ದಿನಕ್ಕೆ ಸುಮಾರು 493, ಅದರ ಅರ್ಧ 246. ಹೆಚ್ಚೆಂದರೆ 90 ದಿನಕ್ಕೆ ಕೊಡುತ್ತಾರೆ, ಹಾಗಾಗಿ 22,000 ರೂಪಾಯಿ ಚಿಲ್ಲರೆ. ನಡುವೆ ಸಂಬಳವಿಲ್ಲದ ತಿಂಗಳುಗಳಿದ್ದರೆ ಅಷ್ಟು ಕಮ್ಮಿ, ಏಕೆಂದರೆ 730 ಮಾತ್ರ ಬದಲಾಗುವುದಿಲ್ಲ. ದೊಡ್ಡ ಮೊತ್ತವೇನಲ್ಲ, ಆದರೆ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಬಾಡಿಗೆ ಮನೆಯಲ್ಲಿರುವವರಿಗೆ ಬಾಡಿಗೆಗಾದರೂ ಆಗುತ್ತದೆ ಅಲ್ವಾ?

ಕೆಲಸ ಹೋಗಿ 30 ದಿನ ಆಗಲಿ, ಆಮೇಲೆ ಅರ್ಜಿ ಹಾಕಿ. ಮುಂಚೆ 90 ದಿನ ಕಾಯಬೇಕಿತ್ತು. ಹಳೇ ಮಾಲೀಕರ ಮೂಲಕವೇ ಅರ್ಜಿ ಹೋಗಬೇಕಿತ್ತು. ಕೆಲಸದಿಂದ ತೆಗೆದವರ ಬಾಗಿಲಿಗೇ ಹೋಗಿ ಸಹಿಗೆ ನಿಲ್ಲುವುದೆಂದರೆ ಹೇಗಿರುತ್ತೆ ಹೇಳಿ! ನನ್ನ ಪ್ರಕಾರ ಹಣ ಹೆಚ್ಚಿಸಿದ್ದಕ್ಕಿಂತ ಈ ಷರತ್ತು ತೆಗೆದದ್ದೇ ದೊಡ್ಡ ಉಪಕಾರ. ಈಗ ಇಎಸ್‌ಐ ನಿಗಮದ ಜಾಲತಾಣದಲ್ಲಿ ನೀವೇ ಅರ್ಜಿ ತುಂಬಬಹುದು. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕನ್ನು ಸ್ಕ್ಯಾನ್ ಮಾಡಿ ಸೇರಿಸಿ. ಅದು ಆಗದಿದ್ದರೆ ಅರ್ಜಿಯ ಪ್ರಿಂಟ್ ತೆಗೆದು, ಸಹಿ ಹಾಕಿ, ದಾಖಲೆಗಳ ಜೊತೆ ಇಎಸ್‌ಐ ಶಾಖಾ ಕಚೇರಿಗೆ ಕೊಡಿ. ಅಫಿಡವಿಟ್ ಬೇಕು ಎಂಬ ನಿಯಮವನ್ನು 2020ರ ನವೆಂಬರ್‌ನಲ್ಲಿ ಕೈಬಿಟ್ಟಿದ್ದಾರೆ. ಛಾಪಾ ಕಾಗದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಆಧಾರ್‌ನಲ್ಲಿರುವ ಹೆಸರೂ ಇಎಸ್‌ಐ ಕಾರ್ಡಿನ ಹೆಸರೂ ಒಂದೇ ಥರ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹಣ ನೇರ ನಿಮ್ಮ ಖಾತೆಗೇ ಬೀಳುತ್ತದೆ. ಈ ಸವಲತ್ತು ಜೀವನದಲ್ಲಿ ಒಮ್ಮೆ ಮಾತ್ರ. ಪರಿಹಾರ ಪಡೆಯುವ ಅಷ್ಟು ದಿನವೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ, ಕಾರ್ಡನ್ನು ಬಿಸಾಡಬೇಡಿ.