ವರ್ಷ ಅಚ್ಚಾಗದ ಕೆಂಪು ಗೈಡು: ಕಾಲ ಗುರುತಿಸುವುದು, ಕೊಳ್ಳುವುದು, ಕಾಪಾಡುವುದು

ಇಂಗ್ಲೆಂಡಿನ ಹಳೆ ಪುಸ್ತಕದಂಗಡಿಗಳಲ್ಲಿ ವಾರ್ಡ್ ಲಾಕ್ ಕಂಪನಿಯ ಕೆಂಪು ಬಟ್ಟೆ ರಟ್ಟಿನ ಪ್ರವಾಸಿ ಗೈಡುಗಳು ಇವತ್ತಿಗೂ ಸಿಗುತ್ತವೆ. ಬ್ರೈಟನ್, ಬೋರ್ನ್‌ಮತ್, ಸ್ಕಾರ್ಬರೋ, ಬಾತ್, ಯಾರ್ಕ್ ಹೀಗೆ ಊರಿಗೊಂದು ಪುಸ್ತಕ. ಒಳಗೆ ಫೋಟೊ ಹಾಳೆಗಳು, ಬಿಚ್ಚಿ ನೋಡುವ ಬಣ್ಣದ ನಕ್ಷೆ, ಹೋಟೆಲುಗಳ ದರಪಟ್ಟಿ ಎಲ್ಲ ಇರುತ್ತದೆ, ಅಚ್ಚಾದ ವರ್ಷ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಶೀರ್ಷಿಕೆ ಪುಟದಲ್ಲಿ ಹನ್ನೊಂದನೇ ಆವೃತ್ತಿ, ಪರಿಷ್ಕೃತ ಎಂದಿದ್ದರೂ ಅದರಿಂದ ಕಾಲ ತಿಳಿಯದು. ಆವೃತ್ತಿಯ ಎಣಿಕೆ ಒಂದೊಂದು ಊರಿಗೆ ಒಂದೊಂದು; ಬ್ರೈಟನ್ನಿನ ಹನ್ನೊಂದಕ್ಕೂ ಬಾತ್‌ನ ಹನ್ನೊಂದಕ್ಕೂ ಸಂಬಂಧವಿಲ್ಲ.

ಕಾಲ ಗುರುತಿಸುವಾಗ ಒಂದೇ ನಿಯಮ: ಪುಸ್ತಕದಲ್ಲಿ ಸಿಗುವ ಸುಳಿವುಗಳಲ್ಲಿ ಎಲ್ಲಕ್ಕಿಂತ ಈಚಿನದನ್ನೇ ಲೆಕ್ಕಕ್ಕೆ ಹಿಡಿಯಿರಿ. ವಿವರಣೆಯ ಭಾಗ ಎಷ್ಟೋ ವರ್ಷ ಬದಲಾಗದೆ ಮರುಮುದ್ರಣವಾಗುತ್ತಿತ್ತು, ಹಳೆಯ ಚಿತ್ರಗಳೂ ಹಾಗೇ ಮುಂದುವರಿಯುತ್ತಿದ್ದವು. ಎತ್ತಿನ ಗಾಡಿಯ ಕಾಲದಂತೆ ಕಾಣುವ ಫೋಟೊ ನೋಡಿ ಹಳೆಯ ಪ್ರತಿ ಎಂದು ಹಣ ಕೊಡುವವರು ಮೋಸಹೋಗುವುದು ಇಲ್ಲೇ.

ಅದಕ್ಕೇ ಮೊದಲು ನೋಡಬೇಕಾದದ್ದು ಜಾಹೀರಾತು ಪುಟಗಳನ್ನು. ಎಲ್ಲಕ್ಕಿಂತ ಬೇಗ ಬದಲಾಗುತ್ತಿದ್ದದ್ದು ಅವೇ. ಕೆಲವು ಪ್ರತಿಗಳಲ್ಲಿ ಈ ಪುಟಗಳ ತಲೆಗೋ ಅಡಿಗೋ ಸಣ್ಣ ಅಕ್ಷರದಲ್ಲಿ ಆ ಪ್ರವಾಸದ ಋತುವಿನ ವರ್ಷವೇ ಇರುತ್ತದೆ. ಅದು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಪ್ರಕಾಶಕರ ವಿಳಾಸ ಓದಿ. ಹೆಸರು ವಾರ್ಡ್, ಲಾಕ್ ಮತ್ತು ಬೌಡನ್ ಎಂದಿದ್ದರೆ 1890ರ ದಶಕದ ಪುಸ್ತಕ. ಕಂಪನಿಯ ಲಂಡನ್ ವಿಳಾಸವಾದ ಸಾಲಿಸ್‌ಬರಿ ಸ್ಕ್ವೇರ್‌ನ ಕೊನೆಗೆ ಬರೀ ‘ಇ.ಸಿ.’ ಇದೆಯೋ, ‘ಇ.ಸಿ. 4’ ಇದೆಯೋ ನೋಡಿ. ಲಂಡನ್ನಿನ ಅಂಚೆ ವಲಯಗಳಿಗೆ ಅಂಕಿ ಸೇರಿದ್ದು 1917ರಲ್ಲಿ. ಅಂಕಿ ಇದ್ದರೆ ಪುಸ್ತಕ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಬೆಲೆಯೂ ಹೇಳುತ್ತದೆ: ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಶಿಲಿಂಗ್, ಎರಡು ಯುದ್ಧಗಳ ನಡುವೆ ಸಾಮಾನ್ಯವಾಗಿ ಎರಡು.

ಆಮೇಲೆ ರೈಲು. ಊರಿಗೆ ಹೋಗುವ ದಾರಿಯ ಅಧ್ಯಾಯದಲ್ಲಿ ಕಂಪನಿಗಳ ಹೆಸರಿರುತ್ತದೆ. 1923ರ ಜನವರಿ 1ರಂದು ಬ್ರಿಟನ್ನಿನ ಹೆಚ್ಚಿನ ರೈಲು ಕಂಪನಿಗಳು ನಾಲ್ಕು ದೊಡ್ಡ ಕಂಪನಿಗಳಾಗಿ ಒಗ್ಗೂಡಿದವು, 1948ರ ಜನವರಿ 1ರಂದು ಅವು ಸರ್ಕಾರದ ಕೈಸೇರಿದವು. ಬ್ರೈಟನ್ ಗೈಡಿನಲ್ಲಿ ‘ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್’ ಎಂದಿದ್ದರೆ 1922ರ ಒಳಗಿನದು, ಆ ನಾಲ್ಕರಲ್ಲೊಂದಾದ ‘ಸದರ್ನ್’ ಎಂದಿದ್ದರೆ ಅದರ ಮುಂದಿನದು. ನಕ್ಷೆಯ ರಸ್ತೆಗಳಿಗೆ ‘ಎ 23’ರಂಥ ಅಂಕಿಗಳಿದ್ದರೆ ಅದೂ 1923ರ ಈಚೆಯದೇ. ಜನಸಂಖ್ಯೆ ಯಾವ ಗಣತಿಯದು ಎಂದೂ ನೋಡಿ. ಗಣತಿ 1901, 1911, 1921, 1931ರಲ್ಲಿ ನಡೆಯಿತು. 1941ರಲ್ಲಿ ಯುದ್ಧದಿಂದಾಗಿ ನಡೆಯಲೇ ಇಲ್ಲ, ಹಾಗಾಗಿ 1931ರ ಅಂಕಿ ಇದ್ದ ಮಾತ್ರಕ್ಕೆ ಯುದ್ಧಪೂರ್ವದ ಪ್ರತಿ ಎಂದುಕೊಳ್ಳಬೇಡಿ.

ಕೊನೆಗೆ ಆ ಊರಿನದೇ ಸುಳಿವುಗಳು. ಬ್ರೈಟನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಹಳೆಯ ಚೈನ್ ಪಿಯರ್ (ಪಿಯರ್ ಎಂದರೆ ಕಡಲೊಳಕ್ಕೆ ಚಾಚಿದ ಕಟ್ಟೆ) 1896ರ ಡಿಸೆಂಬರಿನ ಬಿರುಗಾಳಿಗೆ ಕೊಚ್ಚಿಹೋಯಿತು; ಪ್ಯಾಲೆಸ್ ಪಿಯರ್ 1899ರಲ್ಲಿ ತೆರೆಯಿತು. ಲಂಡನ್ನಿನಿಂದ ವಿದ್ಯುತ್ ರೈಲು ಬಂದದ್ದು 1933ರ ಜನವರಿಯಲ್ಲಿ. ‘ಸದರ್ನ್ ಬೆಲ್’ ಎಂಬ ಐಷಾರಾಮಿ ರೈಲು ‘ಬ್ರೈಟನ್ ಬೆಲ್’ ಎಂದು ಹೆಸರು ಬದಲಿಸಿದ್ದು 1934ರಲ್ಲಿ. ನಮ್ಮ ಓದುಗರ ಕಣ್ಣಿಗೆ ಬೇಗ ಬೀಳುವ ಸುಳಿವು ಇನ್ನೊಂದಿದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಅಲ್ಲಿನ ರಾಯಲ್ ಪೆವಿಲಿಯನ್ ಅರಮನೆ ಆಸ್ಪತ್ರೆಯಾಗಿತ್ತು. ತೀರಿಕೊಂಡ ಹಿಂದೂ, ಸಿಖ್ ಸೈನಿಕರ ದಹನವಾದ ಗುಡ್ಡದ ಮೇಲಿನ ‘ಛತ್ರಿ’ ಎಂಬ ಅಮೃತಶಿಲೆಯ ಗುಮ್ಮಟದ ಸ್ಮಾರಕ ಅನಾವರಣಗೊಂಡದ್ದು 1921ರ ಫೆಬ್ರವರಿಯಲ್ಲಿ, ಪೆವಿಲಿಯನ್ನಿನ ಭಾರತೀಯ ಹೆಬ್ಬಾಗಿಲನ್ನು ಪಟಿಯಾಲದ ಮಹಾರಾಜರು ಉದ್ಘಾಟಿಸಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಛತ್ರಿಯ ಪ್ರಸ್ತಾಪವಿದ್ದು ರೈಲು ಇನ್ನೂ ಹಳೆ ಕಂಪನಿಯದೇ ಆಗಿದ್ದರೆ ನಿಮ್ಮ ಪ್ರತಿ 1921–22ರ ಸುಮಾರಿನದು. ಬೇರೆ ಊರಿಗೂ ಹೀಗೇ ಐದಾರು ಕಟ್ಟಡಗಳ ವರ್ಷ ಬರೆದಿಟ್ಟುಕೊಳ್ಳಿ: ಬ್ಲ್ಯಾಕ್‌ಪೂಲ್ ಟವರ್ 1894, ಬೆಕ್ಸ್‌ಹಿಲ್ಲಿನ ಡೆ ಲಾ ವಾರ್ ಪೆವಿಲಿಯನ್ 1935. ಬೋಗ್ನರ್ ಊರಿನ ಹೆಸರಿಗೆ ‘ರೀಜಿಸ್’ ಅಂಟಿದ್ದು 1929ರಲ್ಲಿ.

ಒಂದೇ ಪ್ರತಿ ಕೊಳ್ಳುವುದಾದರೆ ಎಕ್ಸೆಟರ್, ಬಾತ್, ನಾರಿಚ್, ಯಾರ್ಕ್, ಕ್ಯಾಂಟರ್‌ಬರಿ ಈ ಐದು ಊರುಗಳಿಗೆ 1939ಕ್ಕೆ ಮುಂಚಿನದನ್ನೇ ಹುಡುಕಿ. 1942ರ ಏಪ್ರಿಲ್‌ನಿಂದ ಜೂನ್‌ವರೆಗೆ ಜರ್ಮನ್ ವಿಮಾನಗಳು ಇವುಗಳ ಮೇಲೆ ಬಾಂಬು ಸುರಿದವು. ಜರ್ಮನ್ ಪ್ರವಾಸಿ ಗೈಡಿನ ಹೆಸರಿನಿಂದಲೇ ಆ ದಾಳಿಗಳನ್ನು ಬೇಡೆಕರ್ ದಾಳಿ ಎನ್ನುತ್ತಾರೆ. ಎಕ್ಸೆಟರಿನ ನಡುಪೇಟೆ ಹೇಗಿತ್ತೆಂದು ಬೀದಿ ಬೀದಿ ತೋರಿಸುವುದು ಆ ಹಳೆಯ ನಕ್ಷೆಗಳೇ.

ಕೊಳ್ಳುವ ಮುನ್ನ ನಕ್ಷೆಗಳನ್ನು ಎಣಿಸಿ. ಪುಸ್ತಕದ ಮುಂಭಾಗದಲ್ಲಿ ನಕ್ಷೆಗಳ ಪಟ್ಟಿ ಇರುತ್ತದೆ, ಒಂದೊಂದನ್ನೂ ತಾಳೆ ನೋಡಿ. ಪುಟಸಂಖ್ಯೆಯನ್ನು ನಂಬಿ ಕೂರಬೇಡಿ. ಎಷ್ಟೋ ಫೋಟೊ ಹಾಳೆ, ನಕ್ಷೆಗಳಿಗೆ ಪುಟಸಂಖ್ಯೆಯೇ ಇಲ್ಲದ್ದರಿಂದ ಕಿತ್ತರೂ ಗೊತ್ತಾಗದು. ಪುಸ್ತಕವನ್ನು ತೊಂಬತ್ತು ಡಿಗ್ರಿಗಿಂತ ಹೆಚ್ಚು ಬಿಡಿಸದೆ, ಹೊಲಿಗೆಯ ಸಂದಿಯಲ್ಲಿ ಬ್ಲೇಡಿನಿಂದ ಕೊಯ್ದ ಕಾಗದದ ಅಂಚು ಉಳಿದಿದೆಯೇ ನೋಡಿ. ಆನ್‌ಲೈನಿನಲ್ಲಿ ಕೊಳ್ಳುವವರು ನಾಲ್ಕು ಫೋಟೊ ಕೇಳಿ ಪಡೆಯಲೇಬೇಕು: ಶೀರ್ಷಿಕೆ ಪುಟ, ಮೊದಲ ಜಾಹೀರಾತು ಪುಟ, ಪೂರ್ತಿ ಬಿಚ್ಚಿದ ದೊಡ್ಡ ನಕ್ಷೆ, ಪುಸ್ತಕದ ಬೆನ್ನು. ಬೆನ್ನಿನ ಕೆಂಪು ಬಿಸಿಲಿಗೆ ಮಾಸಿದ್ದರೆ ಚಿಂತೆಯಿಲ್ಲ. ನಕ್ಷೆ ಇಲ್ಲದಿದ್ದರೆ ಅರ್ಧ ಬೆಲೆಗೂ ಬೇಡ.

ಮನೆಗೆ ತಂದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಈ ಕೆಂಪು ಬಣ್ಣ ನೀರು ತಾಗಿದರೆ ಬಿಡುತ್ತದೆ, ಪುಟದ ಅಂಚಿಗೂ ಹತ್ತುತ್ತದೆ. ಮೆತ್ತನೆಯ ಬ್ರಷ್ ಸಾಕು. ಫೋಟೊ ಹಾಳೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವುಗಳ ಹೊಳಪಿಗೆ ಕಾರಣ ಮೇಲೆ ಬಳಿದ ಜೇಡಿ ಲೇಪ. ನೆನೆದು ಒಂದಕ್ಕೊಂದು ಅಂಟಿ ಒಣಗಿದರೆ ಮುಗಿಯಿತು, ಬಿಡಿಸಹೋದರೆ ಚಿತ್ರವೇ ಕಿತ್ತುಬರುತ್ತದೆ. ಪುಸ್ತಕ ನೆನೆದರೆ ಆ ಕ್ಷಣವೇ ಹಾಳೆಹಾಳೆಯ ನಡುವೆ ಬಿಳಿ ಬ್ಲಾಟಿಂಗ್ ಕಾಗದ ಇಡಿ. ಆಗ ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿಗೆ ಹಾಕಿ, ಬಿಡುವಾದಾಗ ತೆಗೆಯಿರಿ.

ನಕ್ಷೆಗಳು ಹರಿಯುವುದು ಮಡಿಕೆಗಳು ಒಂದನ್ನೊಂದು ಕತ್ತರಿಸುವ ಮೂಲೆಯಲ್ಲಿ. ಸೆಲ್ಲೋಟೇಪ್ ಅಂಟಿಸಿದರೆ ಕೆಲವು ವರ್ಷಗಳಲ್ಲಿ ಪ್ಲಾಸ್ಟಿಕ್ ಕಳಚಿ ಬಿದ್ದು ಹಳದಿ ಜಿಡ್ಡು ಕಾಗದದೊಳಗೆ ಇಳಿಯುತ್ತದೆ. ಬೈಂಡಿಂಗ್ ಅಂಗಡಿಯ ಮೈಲುತುತ್ತ ಬೆರೆಸಿದ ಮೈದಾ ಗೋಂದೂ ಬೇಡ. ಹುಳ ಬರುವುದಿಲ್ಲ ನಿಜ, ಆದರೆ ಮೈಲುತುತ್ತದಲ್ಲಿರುವ ತಾಮ್ರವು ಕಾಗದವನ್ನು ಕೆಡಿಸುತ್ತದೆ. ಒಂದು ಚಮಚ ಗೋಧಿ ಪಿಷ್ಟವನ್ನು ಐದು ಚಮಚ ಡಿಸ್ಟಿಲ್ಡ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ, ಹಾಲುಬಿಳುಪು ಹೋಗಿ ಪಾರದರ್ಶಕವಾಗುವವರೆಗೆ ಕಾಯಿಸಿ. ತಣಿದ ಮೇಲೆ ಜರಡಿಯಲ್ಲಿ ಒತ್ತಿ ಸೋಸಿ, ತೆಳು ಮೊಸರಿನ ಹದಕ್ಕೆ ನೀರು ಬೆರೆಸಿ. ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಬರುತ್ತದೆ; ಹುಳಿವಾಸನೆ ಬಂದರೆ ಚೆಲ್ಲಿ. ತೆಳು ಜಪಾನಿ ಕಾಗದವನ್ನು ಕತ್ತರಿಸದೆ, ನೀರಿನ ಗೆರೆ ಎಳೆದು ಐದಾರು ಮಿಲಿಮೀಟರ್ ಅಗಲದ ಪಟ್ಟಿಯಾಗಿ ಹರಿದುಕೊಳ್ಳಿ, ಅಂಚಿನ ನಾರು ಹೊರಗೆ ಚಾಚಿದ್ದರೆ ಬೆಸುಗೆ ಕಾಣುವುದಿಲ್ಲ. ನಕ್ಷೆಯ ಹಿಂಬದಿಗೆ ಅಂಟಿಸಿ, ಕೆಳಗೂ ಮೇಲೂ ಬ್ಲಾಟಿಂಗ್ ಇಟ್ಟು, ಅಂಟು ಹತ್ತದಂತೆ ನಡುವೆ ಬೇಕಿಂಗ್ ಕಾಗದ ಹಾಸಿ, ಭಾರ ಹೇರಿ ರಾತ್ರಿಯಿಡೀ ಬಿಡಿ. ಗೋಂದು ಹೆಚ್ಚಾದರೆ ಕಾಗದ ಸುಕ್ಕಾಗುತ್ತದೆ.

ತುಕ್ಕು ಹಿಡಿದ ತಂತಿ ಪಿನ್ನುಗಳಿದ್ದರೆ ಅವುಗಳ ಮಡಚಿದ ತುದಿಗಳನ್ನು ನಿಧಾನವಾಗಿ ಎತ್ತಿ ಪಿನ್ನು ತೆಗೆದು, ಅದೇ ತೂತುಗಳಲ್ಲಿ ಲಿನನ್ ದಾರದಿಂದ ಹೊಲಿಯಿರಿ.

ಕರಾವಳಿ, ಮಲೆನಾಡಿನಲ್ಲಿ ಇಂಥ ಪುಸ್ತಕ ಇಟ್ಟುಕೊಂಡವರಿಗೆ ಮಳೆಗಾಲವೇ ದೊಡ್ಡ ಶತ್ರು. ತೇವಾಂಶ ಶೇಕಡಾ 65 ದಾಟಿದರೆ ಬೂಷ್ಟು ಏಳುತ್ತದೆ. ಅಗ್ಗದ ತೇವಮಾಪಕ ಒಂದನ್ನು ಕಪಾಟಿನೊಳಗಿಡಿ, ಗೋಡೆಗೂ ಪುಸ್ತಕಕ್ಕೂ ನಾಲ್ಕು ಬೆರಳು ಜಾಗ ಬಿಡಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಣ್ಣ ಬದಲಾದಂತೆ ಬಿಸಿಮಾಡಿ ಮತ್ತೆ ಬಳಸಬಹುದು. ನುಸಿಗುಳಿಗೆಯನ್ನು ಪುಸ್ತಕದ ಜೊತೆ ಇಡಬೇಡಿ. ಬೂಷ್ಟನ್ನು ಅದು ತಡೆಯುವುದಿಲ್ಲ, ವಾಸನೆ ಕಾಗದಕ್ಕೆ ಹತ್ತಿ ವರ್ಷಗಟ್ಟಲೆ ಹೋಗುವುದಿಲ್ಲ.

ಪುಟಗಳ ನಡುವೆ ಟ್ರಾಮ್ ಟಿಕೆಟ್ಟೋ, ಹೋಟೆಲಿನ ರಸೀದಿಯೋ ಸಿಕ್ಕರೆ ಎಸೆಯಬೇಡಿ, ಅಲ್ಲೇ ಬಿಡಲೂಬೇಡಿ; ಅದರ ಕಲೆ ಎದುರು ಪುಟಕ್ಕೆ ಇಳಿಯುತ್ತದೆ. ಲಕೋಟೆಯೊಂದಕ್ಕೆ ಹಾಕಿ, ಸಿಕ್ಕ ಪುಟದ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದು ಪುಸ್ತಕದ ಪಕ್ಕದಲ್ಲೇ ಇಡಿ. ರಸೀದಿಯ ಮೇಲೆ ತಾರೀಖಿದ್ದರೆ ಆ ಹೊತ್ತಿಗೆ ಪುಸ್ತಕ ಯಾರದೋ ಕೈಯಲ್ಲಿತ್ತು ಎನ್ನಲು ಅದೊಂದು ಆಧಾರ.