ವಾರ್ಡಿನ ಅನುಭವ ಬರೆಸುವ ಬಗೆ: ವೈದ್ಯಕೀಯ ವಿದ್ಯಾರ್ಥಿಗಳಿಗೆ ಆನ್‌ಲೈನ್ ಜರ್ನಲ್

ವಾರ್ಡಿನಲ್ಲಿ ಕಂಡದ್ದರ ಬಗ್ಗೆ ವಿದ್ಯಾರ್ಥಿಗಳು ಯೋಚಿಸಿ ಬರೆಯುವ ಜರ್ನಲ್‌ಗೆ ಯಾವ ಸಾಫ್ಟ್‌ವೇರ್ ಎಂದು ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕಾಲೇಜಿನಲ್ಲಿ ಮೂಡಲ್‌ನಂಥ ಆನ್‌ಲೈನ್ ಕಲಿಕೆಯ ತಾಣ ಆಗಲೇ ಬಳಕೆಯಲ್ಲಿದ್ದರೆ ಅದೇ ಸಾಕು. ಬರೆದದ್ದನ್ನು ಓದಿ ಉತ್ತರಿಸುವವರು ಇದ್ದಾರೆಯೇ ಎಂಬುದು ಮುಖ್ಯ, ಹಾಗಾಗಿ ಲೆಕ್ಕ ಅಲ್ಲಿಂದ ಶುರುವಾಗಲಿ: ಒಬ್ಬ ಶಿಕ್ಷಕರಿಗೆ ಆರರಿಂದ ಎಂಟು ವಿದ್ಯಾರ್ಥಿಗಳು, ಹದಿನೈದು ದಿನಕ್ಕೊಂದು ಬರಹ, 250–300 ಪದ. ಗುಂಪು ತೀರಾ ದೊಡ್ಡದಾದರೆ ಉತ್ತರ ತಡವಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ವಿದ್ಯಾರ್ಥಿಗಳೂ ಕಾಟಾಚಾರಕ್ಕೆ ಬರೆಯತೊಡಗುತ್ತಾರೆ.

ಪುಟ ಸಿದ್ಧವಾದ ಮೇಲೆ ಅದರ ಕೊಂಡಿಯನ್ನು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ (ನಿಮ್ಮ ಲಾಗಿನ್ ನೆನಪಿಟ್ಟುಕೊಳ್ಳದ ಖಾಸಗಿ ಕಿಟಕಿ) ತೆರೆದು ನೋಡಿ. ಲಾಗಿನ್ ಕೇಳದೆ ತೆರೆದುಕೊಂಡರೆ ಸೆಟ್ಟಿಂಗ್ ತಪ್ಪಿದೆ ಎಂದರ್ಥ. ಯಾರು ಯಾರು ಓದುತ್ತಾರೆ ಎಂಬುದನ್ನು ಮೊದಲ ದಿನವೇ ವಿದ್ಯಾರ್ಥಿಗಳಿಗೆ ತಿಳಿಸಿ.

ರೋಗಿಯ ಗುಟ್ಟು ಕಾಯಲು ಹೆಸರು ಬದಲಿಸಿದರೆ ಸಾಲದು. ಅಪರೂಪದ ಕಾಯಿಲೆ, ವಯಸ್ಸು, ದಾಖಲಾದ ತಾರೀಕು ಒಟ್ಟಿಗೆ ಬಂದರೆ ಆ ವಾರ್ಡಿನಲ್ಲಿದ್ದ ಯಾರಿಗಾದರೂ ಗುರುತು ಸಿಕ್ಕಿಬಿಡುತ್ತದೆ. ತಾರೀಕು ಬಿಡಿಸಿ, ವಯಸ್ಸನ್ನು ‘ನಡುವಯಸ್ಸಿನವರು’ ಎಂದಷ್ಟೇ ಬರೆಸಿ. ಫೋಟೊ ಬೇಡವೇ ಬೇಡ: ಎಕ್ಸ್‌ರೇ ಮೂಲೆಯಲ್ಲಿ ಹೆಸರು, ನಂಬರು ಇರುತ್ತದೆ, ಮೊಬೈಲ್ ಚಿತ್ರದ ಫೈಲಿನೊಳಗೆ ತೆಗೆದ ಸಮಯವೂ, ಎಷ್ಟೋ ಸಲ ಜಾಗವೂ ಅಡಗಿರುತ್ತದೆ.

ಬರಹದ ಚೌಕಟ್ಟಿಗೆ ಶಿಕ್ಷಣ ತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ರೂಪಿಸಿದ ಆರು ಹಂತಗಳ ಚಕ್ರ ಹೆಸರಾದದ್ದು: ಏನಾಯಿತು, ಏನನ್ನಿಸಿತು, ಯಾವುದು ಸರಿಹೋಯಿತು ಯಾವುದು ಕೆಟ್ಟಿತು, ಯಾಕೆ, ಬೇರೇನು ಮಾಡಬಹುದಿತ್ತು, ಮುಂದಿನ ಸಲ ಏನು. ಹೊಸಬರಿಗೆ ಆರೂ ಭಾರ. ಏನಾಯಿತು, ಅದರಿಂದ ಏನು ತಿಳಿಯಿತು, ಇನ್ನು ಏನು ಮಾಡುತ್ತೇನೆ, ಈ ಮೂರೇ ಸಾಕು. ಸಾಮಾನ್ಯವಾಗಿ ಎಡವುವುದು ಮೊದಲನೆಯದರಲ್ಲೇ. ಕೇಸ್ ಶೀಟ್ ಬರೆದು ರೂಢಿಯಾದ ಕೈ ಹಿಸ್ಟರಿ, ಪರೀಕ್ಷೆ, ರಿಪೋರ್ಟ್ ಎಲ್ಲವನ್ನೂ ತುಂಬಿಬಿಡುತ್ತದೆ, ಯೋಚನೆಗೆ ಎರಡೇ ಸಾಲು ಉಳಿಯುತ್ತದೆ. ‘ಏನಾಯಿತು’ ಭಾಗಕ್ಕೆ 60 ಪದದ ಮಿತಿ ಹಾಕಿ.

‘ಸಂವಹನದ ಮಹತ್ವ ಅರಿವಾಯಿತು’ ಎಂಬ ಸಾಲು ಬಂದರೆ ಒಪ್ಪಬೇಡಿ. ಯಾವ ಗಳಿಗೆಯಲ್ಲಿ ಅರಿವಾಯಿತು ಎಂದು ಕೇಳಿ. ಆಗ ಇಂಥದ್ದು ಹೊರಬರಬಹುದು: ‘ಬಯಾಪ್ಸಿ ಎಂದೊಡನೆ ರೋಗಿ ಸುಮ್ಮನಾದರು. ನನಗೆ ಗಾಬರಿಯಾಗಿ ಸೂಜಿ, ಅರಿವಳಿಕೆ ಅಂತ ಹೇಳುತ್ತಲೇ ಹೋದೆ. ಮುಂದಿನ ಸಲ ಆ ಮಾತು ಹೇಳಿ ನಿಲ್ಲಿಸುತ್ತೇನೆ, ಇದರ ಬಗ್ಗೆ ನಿಮಗೇನು ಗೊತ್ತು ಎಂದು ಕೇಳುತ್ತೇನೆ.’ ಮುಂದೆ ಮಾಡಿನೋಡಬಹುದಾದ ಕೆಲಸ ಇಲ್ಲಿದೆ.

ಉತ್ತರ ವಾರದೊಳಗೆ ಕೊಡಿ. ಎರಡು ಮೂರು ವಾಕ್ಯ, ಅದರಲ್ಲೊಂದು ಪ್ರಶ್ನೆ. ಭಾಷೆ ತಿದ್ದಲು ಹೋಗಬೇಡಿ. ಅಂಕವನ್ನಂತೂ ಕೊಡಲೇಬೇಡಿ, ಅಂಕ ಬಂದೊಡನೆ ಶಿಕ್ಷಕರು ಮೆಚ್ಚುವ ಪಶ್ಚಾತ್ತಾಪ ಬರೆಯುವುದು ರೂಢಿಯಾಗುತ್ತದೆ. ಬರೆದಿದ್ದಾರೆ, ಇಲ್ಲ ಎಂಬ ಗುರುತು ಸಾಕು. ಎಐ ಬರೆದುಕೊಟ್ಟಿದೆ ಎಂಬ ಅನುಮಾನ ಬಂದರೆ ಅದನ್ನು ಪತ್ತೆ ಹಚ್ಚುವ ಡಿಟೆಕ್ಟರ್ ತಂತ್ರಾಂಶವನ್ನು ನೆಚ್ಚಬೇಡಿ, ಅದು ತಪ್ಪುತ್ತದೆ. ಐದು ನಿಮಿಷ ಎದುರು ಕೂರಿಸಿಕೊಂಡು ಆ ಘಟನೆಯ ಬಗ್ಗೆಯೇ ಮಾತಾಡಿ.

ರೋಗಿಗೆ ಹಾನಿಯಾದ ವಿಷಯ ಬರಹದಲ್ಲಿ ಬಂದರೆ ಜರ್ನಲ್‌ನಲ್ಲೇ ಮುಗಿಸುವಂತಿಲ್ಲ, ಆಸ್ಪತ್ರೆಯ ವರದಿ ವ್ಯವಸ್ಥೆಗೆ ಹೋಗಬೇಕು. ವಿದ್ಯಾರ್ಥಿ ತಾನೇ ಕುಸಿದಿರುವ ಸುಳಿವು ಸಿಕ್ಕರೆ ಅಲ್ಲಿ ಉತ್ತರ ಬರೆಯುತ್ತ ಕೂರದೆ ಅದೇ ದಿನ ಫೋನ್ ಮಾಡಿ.