ತೋಟದ ತರಗೆಲೆಗೆ ಪೆಟ್ರೋಲ್ ಬ್ಲೋವರ್ ಆರಿಸುವುದು ಹೇಗೆ

ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಿಗೆ ಬ್ಲೋವರ್ (ಗಾಳಿ ಊದಿ ತರಗೆಲೆಯನ್ನು ದೂಡುವ ಯಂತ್ರ) ಕೊಳ್ಳುವವರು ಸಾಮಾನ್ಯವಾಗಿ ಗಾಳಿಯ ವೇಗವನ್ನಷ್ಟೇ ವಿಚಾರಿಸುತ್ತಾರೆ. ಆದರೆ ನೆಲಕ್ಕೆ ಅಂಟಿದ ಒದ್ದೆ ಎಲೆಯನ್ನು ಎಬ್ಬಿಸುವುದು ವೇಗವಾದರೆ, ಒಣ ತರಗೆಲೆಯ ರಾಶಿಯನ್ನು ಮುಂದಕ್ಕೆ ದೂಡಿಕೊಂಡು ಹೋಗುವುದು ನಿಮಿಷಕ್ಕೆ ಹೊರಬರುವ ಗಾಳಿಯ ಪ್ರಮಾಣ. ಆದ್ದರಿಂದ ಎರಡೂ ಅಂಕಿಗಳನ್ನು ನೋಡಬೇಕು.

ಮನೆಯಂಗಳಕ್ಕೆ 25 ಸಿ.ಸಿ. ಆಸುಪಾಸಿನ ಎಂಜಿನ್ನಿರುವ, ಕೈಯಲ್ಲಿ ಹಿಡಿಯುವ ಯಂತ್ರ ಸಾಕು. ಎಕರೆಗಟ್ಟಲೆ ತೋಪಿಗೆ ಬೆನ್ನಿಗೆ ಹೊರುವಂಥದ್ದೇ ಸರಿ. ಅದರ ತೂಕ ಸುಮಾರು 10 ಕೆ.ಜಿ. ಇರುವುದರಿಂದ ಕೊಳ್ಳುವ ಮೊದಲೇ ಪಟ್ಟಿಗಳನ್ನು ಬಿಗಿದುಕೊಂಡು ಹತ್ತು ನಿಮಿಷ ನಡೆದಾಡಿ ನೋಡಿ.

ನಮ್ಮ ಕೆಂಪು ಮಣ್ಣಿನ ಧೂಳಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮಹತ್ವ ಕೊಡುವುದು ಏರ್ ಫಿಲ್ಟರಿಗೆ. ಅದರ ಮುಚ್ಚಳವನ್ನು ಕೈಯಿಂದಲೇ ಬಿಚ್ಚುವಂತಿರಬೇಕು. ಒಂದೇ ಬೆಳಗಿನ ಕೆಲಸಕ್ಕೆ ನನ್ನ ಯಂತ್ರದ ಬಿಳಿ ಸ್ಪಂಜು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹಾಗೆಯೇ ಬಿಟ್ಟರೆ ಎಂಜಿನ್ನಿಗೆ ಗಾಳಿ ಸಾಲದೆ, ಹೊಗೆ ಹೆಚ್ಚಿ, ಶಕ್ತಿ ಕುಂದುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಕೈಪಿಡಿಯಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಅಳೆದು ಹಾಕಿ, ಆಯಿಲ್ ಮರೆತರೆ ಪಿಸ್ಟನ್ ಜಾಮ್ ಆಗುತ್ತದೆ. ಸ್ಪಾರ್ಕ್ ಪ್ಲಗ್, ಸ್ಟಾರ್ಟರ್ ಹಗ್ಗ, ಕಾರ್ಬ್ಯುರೇಟರಿನ ಬಿಡಿಭಾಗಗಳು ಕೋಲಾರದಲ್ಲೋ ಚಿಂತಾಮಣಿಯಲ್ಲೋ ದೊರೆಯುತ್ತವೆಯೇ ಎಂದು ವಿಚಾರಿಸಿಯೇ ಮಾದರಿಯನ್ನು ಆರಿಸಿ. ಕಿವಿ, ಕಣ್ಣು, ಮೂಗುಗಳ ರಕ್ಷಣೆಗೆ ಬೇಕಾದುದನ್ನು ಅದೇ ದಿನ ಕೊಳ್ಳಿ. ಒಟ್ಟುಗೂಡಿದ ತರಗೆಲೆಯನ್ನು ದಯವಿಟ್ಟು ಸುಡಬೇಡಿ, ಮರದ ಪಾತಿಗೆ ಹೊದಿಸಿ; ತೇವ ಉಳಿಯುತ್ತದೆ.